ಪಕ್ಕದ ಮನೆಯ ಡಾಕ್ಟರ್ ಸೊಸಿ

ಹೋದ ತಿಂಗಳು ಪಕ್ಕದ ಮನೆ ಖಾಲಿಯಾಯಿತು. ಗಂಡನಿಗೆ ಬಳ್ಳಾರಿಗೆ ವರ್ಗವಾದ್ದರಿಂದ ಅವಳು ಸಾಮಾನು ಕಟ್ಟಿಕೊಂಡು ಕುಷ್ಟಗಿ ಬಿಟ್ಟಳು. ಲಾರಿ ಹೊರಡುವ ಮೊದಲು ಮುಂದಿನ ಕೋಣೆಯ ಮೇಲಿದ್ದ ಬೋರ್ಡು ಇಳಿಸಿದರು. ರಜೆಗೆ ಬಂದಿದ್ದ ಮೊಮ್ಮಕ್ಕಳು ನೀವಿಬ್ಬರೂ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಿರಿ. ಬೋರ್ಡಿನಲ್ಲಿ ಅವಳ ಹೆಸರು, ಹೆಸರಿನ ಮುಂದೆ ಬಿ.ಪಿ.ಟಿ. ಎಂದಿತ್ತು, ಫಿಜಿಯೋಥೆರಪಿಯ ಡಿಗ್ರಿ.

"ಅಜ್ಜೀ, ಡಾಕ್ಟರ್ ಅತ್ತಿ ಇಷ್ಟು ಶಾಣ್ಯಾ ಅದಾರ. ಮುಂದ ಎಂ.ಪಿ.ಟಿ. ಯಾಕ ಓದ್ಲಿಲ್ಲ?" ಎಂದು ದೊಡ್ಡವಳು ಕೇಳಿದಳು.

ಲಾರಿಯವನು, ಓಣಿಯವರು ಎಲ್ಲ ಸುತ್ತ ಇದ್ದರು. ನಾನು ಸೆರಗು ಸರಿ ಮಾಡಿಕೊಂಡು ಒಳಗೆ ಹೋದೆ. ನಾಲ್ಕು ಮಂದಿಯ ಮುಂದೆ ಮಾತಾಡುವುದು ನನಗೆ ಮೊದಲಿಂದಲೂ ಆಗುವುದಿಲ್ಲ. ಬೇವೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಮಾತ್ರ ಕೈಯಲ್ಲಿ ಇನ್ನೂ ಉಳಿದಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಅವಳ ಹೆಸರು ಬರೆಯುವುದಿಲ್ಲ. ಓಣಿಗೆಲ್ಲ ಅವಳು ಡಾಕ್ಟರ್ ಸೊಸಿ. ಇಲ್ಲಿಯೂ ಅಷ್ಟೇ ಸಾಕು.

ನೀವು ಕಂಡದ್ದು ಈಚಿನ ವರ್ಷಗಳ ಅವಳನ್ನು. ತಾವರಗೇರಾದಿಂದ, ಅಳವಂಡಿಯಿಂದ, ಎಲ್ಲೆಲ್ಲಿಂದಲೋ ಸೊಂಟ ಹಿಡಿದವರು, ಲಕ್ವಾ ಹೊಡೆದವರು ಟಂಟಂಗಳಲ್ಲಿ ಬಂದು ಆ ಮನೆಯ ಮುಂದೆ ಇಳಿಯುತ್ತಿದ್ದರು. ಮುರಿದ ಕೈಯ ಪಟ್ಟಿ ಬಿಚ್ಚಿದ ಮೇಲೆ ಮೊಣಕೈ ಮಡಚಲು ಬಾರದೆ ಸಣ್ಣವನು ಅಳುತ್ತಿದ್ದಾಗ ಅವಳು, "ಅಳೋದಿದ್ರ ಅಳಪಾ ರಾಜಾ, ಆದ್ರ ಕೈ ಮಡಚ್ಕೋತ ಅಳು" ಎಂದದ್ದು ನಿಮಗೆ ನೆನಪಿರಬೇಕು. ನಗಿಸುತ್ತಲೇ ನೋಯಿಸುತ್ತಿದ್ದಳು. ನೋಯಿಸುವಾಗಲೂ ಅವಳ ಕಣ್ಣು ರೋಗಿಯ ಮುಖದ ಮೇಲೇ ಇರುತ್ತಿತ್ತು.

ಒಮ್ಮೆ ಯಾವುದೋ ಕಾಲೇಜಿನ ಹುಡುಗಿಯರು ಶಿಬಿರಕ್ಕೆಂದು ಊರಿಗೆ ಬಂದವರು ಒಂದು ದಿನ ಅವಳ ಕೆಲಸ ನೋಡಲು ಬಂದರು. ಅವರನ್ನು ಕರೆತಂದ ಮೇಡಂ ಓದುವಾಗ ಇವಳಿಗಿಂತ ಒಂದು ವರ್ಷ ಕಿರಿಯಳಂತೆ. ಎಂ.ಪಿ.ಟಿ. ಮುಗಿಸಿ ಈಗ ಕಲಿಸುತ್ತಿದ್ದಳು. ಹುಡುಗಿಯರಲ್ಲಿ ಒಬ್ಬಳು, "ಮೇಡಂ, ನಿಮ್ಮ ಎಂ.ಪಿ.ಟಿ. ಎಲ್ಲಿ ಆಯ್ತು?" ಎಂದು ಕೇಳಿದಳು.

"ಇದ ಮನ್ಯಾಗ," ಎಂದಳು ಇವಳು, ಒಬ್ಬ ಮುದುಕನ ಮೊಣಕಾಲು ಹಿಡಿದುಕೊಂಡೇ. "ಇನ್ನೂ ಪಾಸಾಗಿಲ್ಲ."

ಎಲ್ಲರೂ ನಕ್ಕರು. ಚಹಾ ಕೊಡಲು ಹೋಗಿದ್ದ ನನಗೆ ನಗು ಬರಲಿಲ್ಲ.

ಅವಳ ಅತ್ತೆಯನ್ನೂ ನೀವು ಕಂಡಿದ್ದೀರಿ. ಬಡಿಗೆ ಊರಿಕೊಂಡು ತಾನೇ ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದ ಆ ಮುದುಕಿ. ಅವಳು ತೀರಿಕೊಂಡಾಯಿತು, ಮಾವನೂ ಹೋದರು. ಅದಕ್ಕೇ ಈಗ ಬರೆಯಬಹುದು ಎಂದುಕೊಂಡೆ.

ಕೊಪ್ಪಳ ಜಿಲ್ಲೆಯಾಗಿ ಏಳೆಂಟು ವರ್ಷವಾಗಿತ್ತು, ಅವಳು ಆ ಮನೆಗೆ ಸೊಸೆಯಾಗಿ ಬಂದಳು. ಗಂಗಾವತಿ ಕಡೆಯ ಹುಡುಗಿ. ಕಾಲುವೆ ನೀರಿನ ಊರಿನವರಿಗೆ ಅನ್ನವೇ ಊಟ. ಜೋಳದ ರೊಟ್ಟಿ ಬಡಿಯಲು ಕೂತರೆ ಅವಳ ಕೈಯಲ್ಲಿ ರೊಟ್ಟಿ ನಕಾಶೆಯ ಹಾಗೆ ಆಗುತ್ತಿತ್ತು.

"ಅನ್ನ ಉಂಡ ಕೈ ನೋಡವ್ವಾ, ಹಿಟ್ಟಿಗೆ ಅಂಜತೈತಿ" ಎಂದು ಅತ್ತೆ ಕಿಚಾಯಿಸುತ್ತಿದ್ದಳು.

"ಮಣಿಕಟ್ಟು ಸಡ್ಲ ಬಿಡಬೇಕು, ಹೌದಲ್ರಿ ಅತ್ತಿ?"

"ಮಣಿಕಟ್ಟ ಅಲ್ಲ, ಮೊದ್ಲ ನಾಲಿಗಿ ಸಡ್ಲ ಬಿಡೋದು ಕಡಿಮಿ ಮಾಡು. ರೊಟ್ಟಿ ತಾನ ಆಗತೈತಿ."

ಇಬ್ಬರೂ ನಗುತ್ತಿದ್ದರು. ಮೊದಲಿಗೆ ಅವರ ನಡುವೆ ಪ್ರೀತಿಯೇ ಇತ್ತು. ಆಮೇಲೂ ಇರಲಿಲ್ಲ ಎಂದು ಹೇಳಲಾರೆ. ಅದೇ ಕಷ್ಟ.

ಮದುವೆಯ ಮಾತುಕತೆಯಲ್ಲಿ ಅವಳ ಅಪ್ಪ ಒಂದೇ ಮಾತು ಕೇಳಿದ್ದರು. ಹುಡುಗಿ ಇನ್ನೂ ಎರಡು ವರ್ಷ ಓದಬೇಕು ಅಂತಾಳ, ಲಕ್ವಾ ಹೊಡೆದವರನ್ನು ಮತ್ತೆ ನಡೆಸುವ ವಿದ್ಯೆಯನ್ನೇ ಪೂರ್ತಿ ಕಲಿಯಬೇಕು ಅಂತಾಳ ಎಂದು. "ಓದಲಿ ಬಿಡ್ರಿ ಬೀಗರ. ಓದಾಕ ನಾವು ಬ್ಯಾಡ ಅಂತೀವೇನು?" ಎಂದು ಅವಳ ಮಾವ ಎಲೆ ಅಡಿಕೆ ತೆಗೆದುಕೊಂಡಿದ್ದರು. ಅವರು ಮಾತಿಗೆ ತಪ್ಪಿದವರಲ್ಲ. ಆ ಮನೆಯಲ್ಲಿ ಕಡೆಯವರೆಗೂ ಯಾರೂ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಅವಳು ಜಗಳವಾದರೂ ಆಡಬಹುದಿತ್ತು.

ಅವಳು ನಮ್ಮ ಮನೆಗೆ ಬರತೊಡಗಿದ್ದು ಎಲುಬಿನ ದೆಸೆಯಿಂದ. ಮದುವೆಯಾಗಿ ತಿಂಗಳೂ ಆಗಿರಲಿಲ್ಲ, ಅವಳ ಟ್ರಂಕು ಸರಿಸುವಾಗ ಅತ್ತೆಗೆ ಕೆಳಗೊಂದು ಗೋಣಿಚೀಲ ಸಿಕ್ಕಿತು. ಬಿಚ್ಚಿದರೆ ಮನುಷ್ಯರ ಎಲುಬು. ಅತ್ತೆ ಚೀರಿದ್ದು ನಮ್ಮ ಹಿತ್ತಿಲಿಗೆ ಕೇಳಿಸಿತು. ಓದುವವರು ಹಿರಿಯ ವಿದ್ಯಾರ್ಥಿಗಳಿಂದ ಅದನ್ನು ಕೊಂಡು ಇಟ್ಟುಕೊಳ್ಳುತ್ತಾರಂತೆ, ಮುಟ್ಟಿ ಮುಟ್ಟಿ ಕಲಿಯಲು. ಅವಳು ಎಷ್ಟು ಹೇಳಿದರೂ ಮಾವ ಒಪ್ಪಲಿಲ್ಲ. "ದೇವರ ಜಗಲಿ ಇದ್ದ ಮನ್ಯಾಗ ಎಲುಬು ಇಡೂದಿಲ್ಲ" ಎಂದರು. ಮನೆಯೆಲ್ಲ ಸಾರಿಸಿ ಗೋಮೂತ್ರ ಚಿಮುಕಿಸಿದರು. ಅವಳು ಚೀಲ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ನನಗೆ ಏನನ್ನಿಸಿತೋ, ಗಿಡ್ಡ ಗೋಡೆಯ ಮೇಲಿಂದ ಕೈ ಚಾಚಿ, "ಇಲ್ಲಿ ಕೊಡವ್ವಾ. ನಮ್ಮ ಅಟ್ಟದ ಮ್ಯಾಲ ಇರಲಿ" ಎಂದೆ.

"ನಿಮಗ ಅಂಜಿಕಿ ಆಗಂಗಿಲ್ಲೇನ್ರಿ ಚಿಗವ್ವಾ?"

"ಗಂಡ ಸತ್ತಾಕಿ ಮನಿಗೆ ಇನ್ಯಾವ ಅಶುಭ ಬರೋದೈತಿ?" ಎಂದೆ. ಅಷ್ಟು ದೊಡ್ಡ ಮಾತು ನಾನು ಯಾರಿಗೂ ಆಡಿರಲಿಲ್ಲ.

ಅಂದಿನಿಂದ ಮಧ್ಯಾಹ್ನ ಮನೆಗೆಲಸ ಮುಗಿಸಿ ಬರುವಳು. ಪ್ರವೇಶ ಪರೀಕ್ಷೆಗೆ ಓದಬೇಕಿತ್ತು. ಒಬ್ಬಳೇ ಓದಿದರೆ ತಲೆಗೆ ಹತ್ತುವುದಿಲ್ಲ, ಯಾರಿಗಾದರೂ ಕಲಿಸಿದರೆ ಹತ್ತುತ್ತದೆ ಎನ್ನುವಳು. ಹಾಗೆ ನಾನು ಅವಳ ವಿದ್ಯಾರ್ಥಿನಿಯಾದೆ. ಹೆಗಲ ಹಿಂದಿನ ಎಲುಬು ಕೈಗೆ ಕೊಟ್ಟು, "ಇದು ಎಲ್ಲಿಂದು ಹೇಳ್ರಿ ನೋಡೋಣು" ಅನ್ನುವಳು. ನಾನು "ಮರದಂಗ ಐತಿ, ಜೋಳ ಹಸನ ಮಾಡೋ ಮರ" ಎಂದರೆ ಬಿದ್ದು ಬಿದ್ದು ನಗುವಳು. ಒಂದು ದಿನ ಬೆನ್ನೆಲುಬು ಎಣಿಸುವುದನ್ನು ರೂಢಿ ಮಾಡಬೇಕೆಂದು ನನ್ನನ್ನು ಚಾಪೆಯ ಮೇಲೆ ಬೋರಲು ಮಲಗಿಸಿದಳು. ಅವಳ ಬೆರಳು ಕತ್ತಿನಿಂದ ಕೆಳಗೆ ಒಂದೊಂದೇ ಮಣಿ ಇಳಿದು ಬಂತು. ನಿಮ್ಮ ಅಜ್ಜ ಹೋದ ಮೇಲೆ ಯಾರೂ ನನ್ನ ಬೆನ್ನು ಮುಟ್ಟಿರಲಿಲ್ಲ. ಮುಖವನ್ನು ತಲೆದಿಂಬಿಗೆ ಒತ್ತಿಕೊಂಡೆ.

"ನೋವಾತೇನ್ರಿ?"

"ಇಲ್ಲ. ಎಣಿಸು."

ಆ ವರ್ಷದ ಬೇಸಿಗೆಯಲ್ಲಿ ಅತ್ತೆಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದವು. ದೊಡ್ಡ ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಬಂದವರೆಲ್ಲ ಹಣ್ಣು, ಬ್ರೆಡ್ಡು ಇಟ್ಟು ಒಂದೇ ಮಾತು ಹೇಳಿದರು: "ದೇವರ ದೊಡ್ಡಾಂವ. ಮೊದ್ಲ ಇಂಥಾ ಸೊಸಿ ಕಳಿಸಿ ಆಮ್ಯಾಲ ರೋಗ ಕಳಿಸ್ಯಾನ." ಮಾವ ಅದಕ್ಕೆ ಇನ್ನೊಂದು ಸೇರಿಸಿದರು, ತಮಾಷೆಗೇ ಇರಬೇಕು: "ಲಕ್ವಾದವರನ್ನ ನಡೆಸೂದು ಕಲೀಬೇಕಂದಿದ್ದೆಲ್ಲವಾ ತಂಗಿ. ಕಾಲೇಜ ಮನಿಗೇ ಬಂತು ನೋಡು." ಅವಳು ಹಣ್ಣು ಎತ್ತಿಡುತ್ತಿದ್ದಳು. ಕೈ ಒಂದು ಕ್ಷಣ ನಿಂತಿತು.

ಕೆಲಸ ಮಾತ್ರ ಮನಸ್ಸಿಟ್ಟು ಮಾಡಿದಳು. ನಮ್ಮ ಕಡೆ ಬಿದ್ದವರನ್ನು ಎಬ್ಬಿಸುವುದೆಂದರೆ ಕೈ ಹಿಡಿದು ಜಗ್ಗುವುದು. ಅವಳ ಗಂಡ ಹಾಗೆ ಜಗ್ಗಿದಾಗ, "ಬಿದ್ದ ಕೈ ಜಗ್ಗಬ್ಯಾಡ್ರಿ, ಹೆಗಲು ಇಳೀತೈತಿ! ಅದೇನು ಬಾವಿ ಹಗ್ಗ ಅಲ್ಲ" ಎಂದು ಗದರಿದಳು. ಗಂಡನನ್ನು ಅವಳು ಗದರಿದ್ದು ಆಗ ಒಂದೇ ಸಲ. ಅವನು ತಾಲೂಕು ಕಚೇರಿಯ ಗುಮಾಸ್ತ, ಒಳ್ಳೆಯವನು, ಎಲ್ಲದಕ್ಕೂ "ಅವ್ವಗ ಆರಾಮಾಗಲಿ, ನೋಡೋಣು" ಅನ್ನುವವನು. ಹಳೆಯ ಧೋತರ ಮಡಿಚಿ ಅತ್ತೆಯ ಸೊಂಟಕ್ಕೆ ಪಟ್ಟಿ ಕಟ್ಟಿ, ಅದನ್ನು ಹಿಡಿದು ಎಬ್ಬಿಸುವಳು. "ಮೂಗು ಕಾಲ್ಬೆರಳಿನ ಮ್ಯಾಲ ತರ್ರಿ ಅತ್ತಿ, ಬಾಗ್ರಿ, ಈಗ ಏಳ್ರಿ" ಎಂಬ ಅವಳ ದನಿ ಕೇಳಿಯೇ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಬಿದ್ದ ಕಾಲು ಮೊದಲು. ಇದನ್ನೆಲ್ಲ ಅವಳು ನನಗೂ ಕಲಿಸುತ್ತ ಹೋದಳು. ಏಕೆ ಎಂದು ನಾನು ಕೇಳಲಿಲ್ಲ.

ಮುಂದಿನ ವರ್ಷ ಪರೀಕ್ಷೆ ಬರೆದಳು. ಸೀಟು ಸಿಕ್ಕಿತು, ಬೆಳಗಾವಿ ಕಡೆಯ ಒಂದು ಕಾಲೇಜಿನಲ್ಲಿ, ಅವಳು ಬೇಡಿದ ವಿಭಾಗದಲ್ಲೇ. ಗೋಡೆಯಾಚೆಯಿಂದ ನನ್ನನ್ನು ಕೂಗಿದ ದನಿ ಇವತ್ತಿಗೂ ಕಿವಿಯಲ್ಲಿದೆ. ಆಗಲೇ ಅವಳು ತನ್ನ ಯೋಚನೆ ಹೇಳಿದ್ದು. ಎರಡು ವರ್ಷ ಬೆಳಿಗ್ಗೆ ಸಂಜೆ ನಾನು ಅತ್ತೆಯ ವ್ಯಾಯಾಮ ಮಾಡಿಸಬೇಕು. ತಾನು ರಜೆ ಸಿಕ್ಕಾಗಲೆಲ್ಲ ಬಂದು ನೋಡುತ್ತಾಳೆ.

"ನನಗೆಲ್ಲಿ ಬರತೈತಿ?" ಎಂದೆ.

"ನಿಮಗ ಬರತೈತಿ ಅಂತ ನನಗ ಗೊತ್ತೈತಿ. ನನ್ನ ಮುಂದ ಮಾಡಿ ತೋರಿಸೀರಿ. ಯಾರೂ ಇಲ್ದಾಗ ಬರತೈತಿ, ಮಂದಿ ಇದ್ದಾಗ ಅಂಜತೀರಿ, ಅಷ್ಟ."

ಮನೆಯವರಿಗೆ ತೋರಿಸಲು ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋದಳು. ಮಾವ ಕುರ್ಚಿಯಲ್ಲಿ, ಗಂಡ ಬಾಗಿಲ ಹತ್ತಿರ. ನಾನು ಧೋತರದ ಪಟ್ಟಿ ಹಿಡಿದು ಮಂಚದ ಬಳಿ ಬಾಗಿದೆ. ಅತ್ತೆ ಗಟ್ಟಿ ಕೈಯಿಂದ ನನ್ನ ಕೈ ಸರಿಸಿದಳು.

"ಬ್ಯಾಡವ್ವಾ. ಸಿಟ್ಟಾಗಬ್ಯಾಡ. ಮುಂಜಾನೆದ್ದು ಗಂಡಿಲ್ದಾಕಿ ಕೈಲೆ ಮುಟ್ಟಿಸ್ಕೊಂಡ್ರ ನನ್ನ ಮುತ್ತೈದಿತನಕ್ಕ ಛಲೋ ಅಲ್ಲ. ಇವರು ಎದುರಿಗೇ ಕುಂತಾರ."

ನಿಮ್ಮ ಅಜ್ಜ ಹೋದಾಗ ಹನ್ನೆರಡು ದಿನ ನನ್ನ ಪಕ್ಕದಲ್ಲೇ ಹಾಸಿಕೊಂಡು ಮಲಗಿದವಳು ಅವಳು. ಅಲ್ಲಿಂದೀಚೆಗೆ ಎಷ್ಟೋ ಬೆಳಿಗ್ಗೆ, "ಎದ್ದಿಯೇನ? ಬಾ, ಚಾ ಕುಡಿ" ಎಂದು ಕರೆದವಳೂ ಅವಳೇ. ಇಲ್ಲದ ಶಾಸ್ತ್ರ ಆ ದಿನ ಬಂತು. ನಾನು ಪಟ್ಟಿಯನ್ನು ಮಂಚದ ಮೇಲಿಟ್ಟು ಮನೆಗೆ ಬಂದೆ. ಸಂಜೆ ಡಾಕ್ಟರ್ ಸೊಸಿ ಬಂದು ನನ್ನ ಕಾಲು ಮುಟ್ಟಲು ಬಾಗಿದಳು. ನಾನು ಬಿಡಲಿಲ್ಲ.

ಮಾವ ಮಧ್ಯಸ್ಥಿಕೆಯ ಮಾತು ಹೇಳಿದರು. ಅತ್ತೆ ಯಾರನ್ನೂ ಹಿಡಿಯದೆ ಪಡಸಾಲೆಯಿಂದ ಹಿತ್ತಿಲ ಬಚ್ಚಲ ತನಕ ತಾನೇ ನಡೆದರೆ ಸೊಸೆ ಮರುದಿನವೇ ಹೊರಡಲಿ, ಆಮೇಲೆ ಬೇರೆಯವರ ಕೈಯ ಪ್ರಶ್ನೆಯೇ ಬರುವುದಿಲ್ಲ. ಕಾಲೇಜಿನಲ್ಲಿ ಹಾಜರಾಗಲು ಕೊನೆಯ ದಿನ ಗುರುವಾರ. ಬುಧವಾರ ಬೆಳಿಗ್ಗೆ ಎಲ್ಲರ ಎದುರು ನಡೆಸಿ ನೋಡುವುದು ಎಂದಾಯಿತು.

ಸೋಮವಾರ ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ಬಟ್ಟೆ ಒಣ ಹಾಕುತ್ತಿದ್ದೆ. ಅವರ ಹಿತ್ತಿಲಲ್ಲಿ ಹಪ್ಪಳ ಬಿಸಿಲಿಗೆ ಹರವಿದ್ದರು. ಅತ್ತೆ ನೆರಳಲ್ಲಿ ಕುರ್ಚಿಯ ಮೇಲೆ ಇದ್ದಳು. ಸೊಸೆ ಪೇಟೆಗೆ ಹೋಗಿದ್ದಳು. ಯಾರದೋ ಆಡು ಗೋಡೆ ಹಾರಿ ಬಂದು ಹಪ್ಪಳಕ್ಕೆ ಬಾಯಿ ಹಾಕಿತು. "ಹೈ, ನಿನ್ನ ಹೆಣಾ ಎತ್ತಲಿ!" ಎಂದು ಬೈಯುತ್ತ ಅತ್ತೆ ಎದ್ದಳು. ಮೂಗು ಕಾಲ್ಬೆರಳಿನ ಮೇಲೆ ತಂದು, ಬಾಗಿ, ಕಲಿಸಿದ ಹಾಗೆಯೇ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಆದರೆ ನಡೆದಳು. ಆಡನ್ನು ಗೋಡೆಯವರೆಗೂ ಅಟ್ಟಿ, ತಿರುಗಿ ನಿಂತು ಮೇಲೆ ನೋಡಿದಳು. ನಾನು ಕಂಡೆ.

ಅವಳು ನಾಚಲಿಲ್ಲ. ಕೈಸನ್ನೆ ಮಾಡಿ ಗೋಡೆಯ ಬಳಿ ಕರೆದಳು.

"ನೋಡಿದ್ರ ನೋಡಿದಿ. ಹೇಳಬ್ಯಾಡ."

"ಯಕ್ಕಾ, ಆಕಿ ಎರಡ ವರ್ಷಕ್ಕ ಹೋಗಾಕಿ."

"ಎರಡ ವರ್ಷ ಅಲ್ಲ. ಓದಿದ ಮ್ಯಾಲ ನೌಕರಿ ಅಂತಾಳ. ಆಕಿ ಹಿಂದ ನನ್ನ ಮಗನೂ ಹೊಕ್ಕಾನ. ಇವರು ನನಗ ಎಂದರ ಒಂದು ತಂಬಿಗಿ ನೀರು ಕೊಟ್ಟಾರೇನು? ಮತ್ತ ಬಿದ್ರ ನನ್ನ ಯಾರು ಮುಟ್ತಾರ?" ಸ್ವಲ್ಪ ತಡೆದು, "ಮೊನ್ನಿ ನಿನಗ ಹಂಗ ಅಂದೆ. ಬ್ಯಾರೆ ಮಾತು ಸಿಗಲಿಲ್ಲ ನನಗ" ಎಂದಳು.

ಅವಳ ಅಂಜಿಕೆ ಸುಳ್ಳಲ್ಲ ಎಂದುಕೊಂಡು ಬಂದೆ. ಆದರೂ ಸಂಜೆ ಡಾಕ್ಟರ್ ಸೊಸಿ ಬಂದಾಗ ಹೇಳಿಬಿಡಬೇಕೆಂದು ನಿಶ್ಚಯಿಸಿ, "ನಿಮ್ಮತ್ತಿ..." ಎಂದು ಬಾಯಿ ತೆರೆದೆ.

"ಗೊತ್ತೈತ್ರಿ ಚಿಗವ್ವಾ."

"ಏನು ಗೊತ್ತೈತಿ?"

"ನಾನೊಬ್ಬಾಕಿ ಇದ್ದಾಗ ಆ ಕಾಲು ನನ್ನ ಕೈಯನ್ನ ದೂಡತೈತಿ. ಮಾವಾರು ಬಂದು ನಿಂತ್ರ ಸುಮ್ಮಾಗತೈತಿ. ತಿಂಗಳಾತು." ಅವಳು ಚಾಪೆಯ ಅಂಚು ಕೀಳುತ್ತ ಕೂತಿದ್ದಳು.

"ಹಂಗಾದ್ರ ಹೇಳು! ನಾನೂ ಬರ್ತೀನಿ, ನನ್ನ ಕಣ್ಣಿಲೆ ನೋಡೀನಿ ಅಂತೀನಿ." ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಏನಂತ ಹೇಳೂದ್ರಿ? ಅತ್ತಿ ನಾಟಕ ಮಾಡ್ತಾರ ಅಂತ? ಮಾವಾರು ಓಣಿ ಕೇಳೂ ಹಂಗ ಬೈತಾರ, ಬಂದವರೆಲ್ಲ ನಗ್ತಾರ. ನಾಲ್ಕು ಮಂದ್ಯಾಗ ಮಾನ ಹೋದ ರೋಗಿ ಹೊಳ್ಳಿ ನಮ್ಮ ಕೈಯಾಗ ಕಾಲು ಇಡಂಗಿಲ್ರಿ. ದವಾಖಾನ್ಯಾಗ ನೋಡೀನಿ ಅಂಥವರನ್ನ. ಗ್ವಾಡಿ ಕಡೆ ಮುಖ ಮಾಡಿ ಮಲಗ್ತಾರ, ಅಷ್ಟ." ಆಮೇಲೆ ಹೇಳಿದಳು, "ತಾವ ಎದ್ದು ನಡೀಬೇಕು. ಬುಧವಾರ ತಾವ ನಡೀತಾರ. ನನ್ನ ಮ್ಯಾಲ ಪ್ರೀತಿ ಐತಿ ಅವರಿಗೆ."

ಅವಳು ಹೇಳದಿದ್ದದ್ದು ಸರಿ ಎಂದು ನನಗೆ ಅಂದು ಅನ್ನಿಸಲಿಲ್ಲ. ಇಂದೂ ಅನ್ನಿಸುವುದಿಲ್ಲ. ಆದರೆ ಅವಳ ರೋಗಿ, ಅವಳ ಅತ್ತೆ, ಅವಳ ಸೀಟು.

ಬುಧವಾರ ಅವಳು ಚೀಲ ತುಂಬಿ ಇಟ್ಟಿದ್ದಳು. ಅವಳ ಅಪ್ಪ ಗಂಗಾವತಿಯಿಂದ ಮೊದಲ ಬಸ್ಸಿಗೇ ಬಂದು, ಮಗಳನ್ನು ಕಾಲೇಜಿಗೆ ಮುಟ್ಟಿಸಲು ಸಿದ್ಧರಾಗಿ ಕೂತಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿ, ಪಡಸಾಲೆಯೂ ಹಿತ್ತಿಲೂ ಕಾಣುವ ಕಡೆ ನಿಂತೆ. ಮಾವ, "ಏಳವಾ ಇನ್ನ" ಎಂದರು. ಸೊಸೆ ಕೈ ಹಿಂದೆ ಕಟ್ಟಿಕೊಂಡು, ಮುಟ್ಟದೆ, ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಮುಖ ನೋಡಿದಳು.

"ಅವಸರ ಇಲ್ರಿ ಅತ್ತಿ. ನಿಮಗ ಬರತೈತಿ. ಬಾಗ್ರಿ."

ಅತ್ತೆ ಬಾಗಿದಳು. ಎದ್ದಳು. ನಿಂತಳು. ಒಂದು ಹೆಜ್ಜೆ ಇಟ್ಟಳು. ಮಗ, "ಭಲೆ ಅವ್ವಾ!" ಎಂದ. ಎರಡನೆಯ ಹೆಜ್ಜೆಗೆ ಅತ್ತೆಯ ಕಣ್ಣು ಬಾಗಿಲ ಹತ್ತಿರ ಇಟ್ಟಿದ್ದ ಚೀಲದ ಮೇಲೆ ಬಿತ್ತು. ಅಲ್ಲೇ ನಿಂತಳು. ಗಟ್ಟಿ ಕಾಲೂ ನಡುಗತೊಡಗಿತು. ಹಿಂದಕ್ಕೆ ಕೈ ಚಾಚಿ ಮಂಚ ಹುಡುಕಿ ಕೂತುಬಿಟ್ಟಳು.

"ಆಗವಲ್ದವಾ. ಆಗವಲ್ದು."

ಎಲ್ಲರೂ ಸೊಸೆಯ ಕಡೆ ನೋಡಿದರು. ಒಂದು ಮಾತು ಅವಳ ಬಾಯಿಯವರೆಗೂ ಬಂದದ್ದನ್ನು ನಾನು ಕಂಡೆ.

"ರಾತ್ರಿ ನಿದ್ದಿ ಮಾಡಿಲ್ರಿ ಅವರು. ದಣಿವಾಗೇತಿ," ಎಂದಳು. "ಬಿಡ್ರಿ."

ಮಾವ ನಿಟ್ಟುಸಿರಿಟ್ಟು, "ಎಲ್ಲಿ ಹೊಕ್ಕೈತಿ ಕಾಲೇಜು? ಮುಂದಿನ ವರ್ಷ ನೋಡೂಣು" ಎಂದರು. ಅವಳ ಅಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಗಂಡಸರು ಮಳೆಯ ಮಾತು ಶುರು ಮಾಡಿದರು.

ಅತ್ತೆ ತಲೆ ಎತ್ತದೆ, ಬಚ್ಚಲಿಗೆ ಹೋಗಬೇಕು ಎಂದಳು. ಸೊಸೆ ಪಟ್ಟಿ ಕಟ್ಟಿದಳು. ಇಬ್ಬರೂ ನನ್ನ ಪಕ್ಕದಿಂದಲೇ ಹಿತ್ತಿಲ ಕಡೆ ನಡೆದರು. ಸೊಸೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅದನ್ನು ಕಂಡು ಅತ್ತೆಗೆ ಏನಾಯಿತೋ, ಹಿತ್ತಿಲ ಹೊಸ್ತಿಲ ಬಳಿ ಅವಳ ಹೆಗಲಿನಿಂದ ಕೈ ತೆಗೆದಳು. ಬಿದ್ದ ಕಾಲು ಮೊದಲು ಕೆಳಗಿಟ್ಟು, ಆಮೇಲೆ ಗಟ್ಟಿ ಕಾಲು ಇಟ್ಟು, ಯಾರನ್ನೂ ಹಿಡಿಯದೆ ಇಳಿದು ನಿಂತಳು.

ಪಡಸಾಲೆಯಲ್ಲಿ ಕುರ್ಚಿ ಸರಿದ ಸಪ್ಪಳವಾಯಿತು. ಮಾವ ಎದ್ದು ಈ ಕಡೆ ಬರುತ್ತಿದ್ದರು. ಸೊಸೆ ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿ, ಅತ್ತೆಯ ಕಂಕುಳಲ್ಲಿ ಹೆಗಲು ಕೊಟ್ಟು, ಸೊಂಟದ ಪಟ್ಟಿ ಬಿಗಿಹಿಡಿದು, "ಭಾರ ನನ್ನ ಮ್ಯಾಲ ಬಿಡ್ರಿ, ಲಗೂನ" ಎಂದು ಕಿವಿಯಲ್ಲಿ ಹೇಳಿದಳು. ಅತ್ತೆ ಬಿಟ್ಟಳು.

ಮಾವ ಬಾಗಿಲಿಗೆ ಬಂದು ನಿಂತು ನೋಡಿದರು. "ಪಾಪ," ಎಂದರು ನನಗೆ, "ಸೊಸಿ ಇರದಿದ್ರ ಈಕಿ ಗತಿ ಏನಾಗ್ತಿತ್ತು, ಹೇಳು."